ಸಿಹಿನೀರಲ್ಲಿ ತೊಳೆದ ಸೀಗಡಿ

ಬ್ಯಾಟರಾಯನಪುರದ ಸರ್ವಿಸ್ ರಸ್ತೆಯಲ್ಲಿ ಹೊಸದಾಗಿ ಒಂದು ಮೀನಿನಂಗಡಿ ಬಂದಿದೆ. ಹೋದ ಭಾನುವಾರ ನಾನು ಅದರ ಮುಂದೆ ಸ್ಕೂಟರ್ ನಿಲ್ಲಿಸಿದ್ದು ಪಕ್ಕದ ಔಷಧಿ ಅಂಗಡಿಗೆ ಹೋಗಲು. ಅಷ್ಟರಲ್ಲಿ ಮೀನಿನಂಗಡಿಯವನು ಒಂದು ದೊಡ್ಡ ಥರ್ಮೋಕೋಲ್ ಡಬ್ಬಿಯ ಮುಚ್ಚಳ ಕಿತ್ತ. ಐಸಿನ ತಣ್ಣನೆ ಹಬೆಯ ಜೊತೆ ಉಪ್ಪು, ಕೆಸರು, ಸೀಗಡಿ ಮೂರೂ ಸೇರಿದ ಆ ವಾಸನೆ ಬಂದು ಮೂಗಿಗೆ ಬಡಿಯಿತು. ಹೆಲ್ಮೆಟ್ ಕೈಯಲ್ಲೇ ಹಿಡಿದು ನಿಂತುಬಿಟ್ಟೆ.

"ಏನ್ ಕೊಡ್ಲಿ ಅಕ್ಕಾ? ಸೀಗಡಿ ಇವತ್ತು ಬೆಳಗ್ಗೆ ಬಂದಿರೋದು," ಎಂದ.

"ಇದನ್ನ ಯಾವ ನೀರಲ್ಲಿ ತೊಳೀತೀರಾ?"

"ನಲ್ಲಿ ನೀರಲ್ಲಿ. ಇನ್ಯಾವ್ ನೀರ್ ಬರುತ್ತೆ ಅಕ್ಕಾ ಇಲ್ಲಿ?"

ನನಗೆ ನಗು ಬಂತು. ಅವನು ನನ್ನನ್ನು ಒಂಥರಾ ನೋಡಿದ. ಎರಡು ಸಾವಿರದ ಹದಿನೈದರ ಬೇಸಿಗೆಯಲ್ಲಿ, ಇದೇ ರಸ್ತೆಯ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ, ಸೀಗಡಿಯನ್ನು ನೀರಲ್ಲಿ ತೊಳೆದು ಒಬ್ಬ ಅಣ್ಣ ಮತ್ತು ಒಬ್ಬ ತಂಗಿಯ ನಡುವೆ ನಾನು ಎಂಥ ಎಡವಟ್ಟು ಮಾಡಿಟ್ಟಿದ್ದೆ ಎನ್ನುವುದು ಅವನಿಗೆ ಹೇಗೆ ಗೊತ್ತಿರಬೇಕು? ಔಷಧಿ ಕೊಳ್ಳುವುದನ್ನೂ ಮರೆತು ಮನೆಗೆ ಬಂದೆ.

ನಾನು ಕೊಡಿಗೇಹಳ್ಳಿಯವಳು. ಬಡಾವಣೆ ಬಂದ ಮೇಲೆ ಬಂದವಳಲ್ಲ, ಅದಕ್ಕೂ ಮುಂಚಿನ ಕೊಡಿಗೇಹಳ್ಳಿಯವಳು. ನಮ್ಮ ಮನೆಯಲ್ಲಿ ಕುರಿ, ಕೋಳಿ, ಕೆರೆಮೀನು ಎಲ್ಲ ಆಗುತ್ತಿತ್ತು, ಆದರೆ ಸಮುದ್ರದ್ದು ಯಾವುದೂ ಹೊಸ್ತಿಲು ದಾಟಿರಲಿಲ್ಲ. ಸೂಕ್ಷ್ಮಜೀವಿಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಿಂದ ನಡೆದುಹೋಗುವಷ್ಟು ಹತ್ತಿರದಲ್ಲೇ ಕೆಲಸ ಸಿಕ್ಕಿದ್ದಕ್ಕೆ ನನಗಿಂತ ಅಮ್ಮನಿಗೇ ಖುಷಿಯಾಗಿತ್ತು. ಅದು ಕೋಳಿ ರೋಗ ಪರೀಕ್ಷೆಯ ಚಿಕ್ಕ ಪ್ರಯೋಗಾಲಯ. ದೊಡ್ಡಬಳ್ಳಾಪುರ, ಹೊಸಕೋಟೆ ಕಡೆಯ ಫಾರಂಗಳಿಂದ ಸತ್ತ ಕೋಳಿಗಳು ಚೀಲದಲ್ಲಿ ಬರುತ್ತಿದ್ದವು. ನಾನು ಅವನ್ನು ಕೊಯ್ದು, ಪಿತ್ತಜನಕಾಂಗದ ಚೂರು ತೆಗೆದು, ಅಗರ್ ಪ್ಲೇಟಿನ ಮೇಲೆ ಗೀಚಿ, ಮಾರನೇ ದಿನ ಯಾವ ಬ್ಯಾಕ್ಟೀರಿಯಾ ಬೆಳೆದಿದೆ ಎಂದು ನೋಡುತ್ತಿದ್ದೆ. ಕೆಳಗಡೆ ಟೀ ಅಂಗಡಿಯವರು ನನ್ನನ್ನು ಕೋಳಿ ಮೇಡಂ ಎಂದೇ ಕರೆಯುತ್ತಿದ್ದರು.

ಪ್ರಯೋಗಾಲಯ ನಡೆಸುತ್ತಿದ್ದವರು ಸುಮಿತ್ರಾ ಮೇಡಂ. ಪಶುವೈದ್ಯೆ, ಐವತ್ತು ದಾಟಿದವರು, ಕೂದಲಿಗೆ ಬಣ್ಣ ಹಚ್ಚದವರು, ಮಾತು ಕಡಿಮೆ. ಆ ವರ್ಷದ ಜನವರಿಯಲ್ಲಿ ಅವರು ಹಟ ಹಿಡಿದು ಒಂದು ಜೀನೋಮ್ ಓದುವ ಯಂತ್ರ ತರಿಸಿದರು. ನಾನು ಏನೋ ಕೋಣೆ ತುಂಬುವಂಥದ್ದು ಬರುತ್ತದೆ ಎಂದುಕೊಂಡಿದ್ದೆ. ಬಂದದ್ದು ಮೈಕ್ರೋವೇವ್ ಒಲೆಗಿಂತ ಕೊಂಚ ದೊಡ್ಡದಾದ, ಬೆಳ್ಳಗಿನ, ಬಾಗಿಲಿರುವ ಒಂದು ಪೆಟ್ಟಿಗೆ. ಕುಂಕುಮ ಇಡಲು ಮೇಡಂ ಒಪ್ಪಿದರು. ತೆಂಗಿನಕಾಯಿ ಒಡೆಯಲು ಮಾತ್ರ ಬಿಡಲಿಲ್ಲ, ನೀರು ಸಿಡಿಯುತ್ತದೆ ಎಂದು.

ಮಾರ್ಚ್ ತಿಂಗಳಲ್ಲಿ ಒಂದು ಬೆಳಗ್ಗೆ ಫೋನ್ ಬಂತು. ಮೇಡಂ ಚಿಕ್ಕಬಳ್ಳಾಪುರದ ಫಾರಂ ಒಂದಕ್ಕೆ ಹೋಗಿದ್ದರು, ನಾನೇ ಎತ್ತಿದೆ.

"ಹ್ವಾಯ್, ಬೆಂಗ್ಳೂರಾ? ನೀವು ಸೀಗಡಿ ಪರೀಕ್ಷೆ ಮಾಡ್ತ್ರಿಯಾ?"

ಮಾತಾಡಿದವರು ನಾಗೇಶಣ್ಣ. ಕುಂದಾಪುರದ ಕಡೆ, ಹೊಳೆ ಸಮುದ್ರ ಸೇರುವ ಜಾಗದ ಹತ್ತಿರ ಅವರದೊಂದು ಸೀಗಡಿ ಕೆರೆ. ಬೆಂಗಳೂರಲ್ಲಿ ರೋಗಾಣುವಿನ ಜಾತಕ ಓದುವ ಯಂತ್ರ ಇದೆಯಂತೆ ಎಂದು ಅವರಿಗೆ ಯಾರೋ ಅಧಿಕಾರಿ ಹೇಳಿ ನಮ್ಮ ನಂಬರ್ ಕೊಟ್ಟಿದ್ದರು. ಅವರು ತಮ್ಮ ಊರಿನ ಮಾತನ್ನು ನನಗಾಗಿ ಸ್ವಲ್ಪ ಸಡಿಲಿಸಿಕೊಂಡು, ನಿಧಾನವಾಗಿ ಎಲ್ಲ ಹೇಳಿದರು. ಅವರ ಕೆರೆಯ ಪಕ್ಕದಲ್ಲೇ ಅವರ ತಂಗಿ ಸುಲೋಚನಾಳ ಕೆರೆ. ಎರಡಕ್ಕೂ ನಡುವೆ ಒಂದು ದಂಡೆ, ಎರಡಕ್ಕೂ ಹೊಳೆಯಿಂದ ನೀರು ತರುವ ಕಾಲುವೆ ಒಂದೇ. ಆ ಕಡೆಯ ಕಟ್ಟುಪಾಡು ಏನೆಂದರೆ, ಕೆರೆಯಲ್ಲಿ ರೋಗ ಕಂಡರೆ ಕಿಂಡಿ ತೆಗೆದು ನೀರು ಬಿಡುವ ಮುಂಚೆ ಅಕ್ಕಪಕ್ಕದವರಿಗೆ ಕೂಗಿ ಹೇಳಬೇಕು. ಅವರು ತಮ್ಮ ಕಿಂಡಿ ಮುಚ್ಚಿಕೊಳ್ಳುತ್ತಾರೆ. ಇಲ್ಲದಿದ್ದರೆ ಒಬ್ಬರ ರೋಗದ ನೀರು ಉಬ್ಬರದ ಜೊತೆ ತಿರುಗಿ ಇನ್ನೊಬ್ಬರ ಕೆರೆಗೆ ಹೋಗುತ್ತದೆ.

"ನಾನ್ ಹೇಳ್ಲಿಲ್ಲೆ ಮಾರಾಯ್ರೆ," ಎಂದರು. "ಸತ್ತ ಸೀಗಡಿ ತೇಲೂದ್ ಕಂಡ್ ಹೆದ್ರಿ ಕಿಂಡಿ ತೆಗ್ದ್‌ಬಿಟ್ಟೆ. ಒಂದ್ ವಾರಕ್ಕೆ ತಂಗಿ ಕೆರೆಯಲ್ಲೂ ಸತ್ತದ್ದ್ ಕಂಡ್ತ್. ಊರಿಡೀ ಹೇಳ್ತಾರೆ, ನಾಗೇಶ ತಂಗಿ ಹೊಟ್ಟೆ ಮೇಲೆ ಹೊಡ್ದ ಅಂತ."

"ನಿಮ್ಮ ತಂಗಿ ಏನಂತಾರೆ?"

"ಎಂತ ಹೇಳುದಿಲ್ಲೆ. ಅದೇ ಕಷ್ಟ. ಬೈದಿದ್ರೆ ತಡ್ಕಂಬುಕೆ ಆತಿತ್ತ್. ದಂಡೆ ಮೇಲೆ ಎದುರು ಸಿಕ್ಕಿರೆ ತಲೆ ತಗ್ಗ್ಸ್ಕಂಡ್ ಹೋತ್ಲ್." ಆಮೇಲೆ ನೇರ ವಿಷಯಕ್ಕೆ ಬಂದರು. "ನಂಗ್ ಬೇರೆಂತ ಬ್ಯಾಡ. ನನ್ನ ಕೆರೆಯಿಂದ ಅವಳ ಕೆರೆಗೆ ಹೋದದ್ದಾ, ಅಲ್ದಾ? ಅಷ್ಟ್ ಹೇಳಿ."

ಸೀಗಡಿಯನ್ನು ಐಸಿನಲ್ಲಿಟ್ಟು ಕಳಿಸಿ ಎಂದೆ. ಕೋಳಿಯ ಅಂಗಾಂಗ ಹಾಗೆಯೇ ಬರುತ್ತಿತ್ತಲ್ಲ. ಮೂರನೇ ದಿನ ಡಬ್ಬಿ ಬಂತು. ಜೀವನದಲ್ಲಿ ಮೊದಲ ಸಲ ಸೀಗಡಿಯನ್ನು ಕೈಯಲ್ಲಿ ಹಿಡಿದೆ. ಗಾಜಿನಂಥ ಮೈ, ಮೀಸೆ, ಕಪ್ಪು ಕಣ್ಣು, ತಲೆಯ ತುಂಬಾ ಕೆಸರು. ನಮ್ಮಮ್ಮ ಸಂತೆಯಿಂದ ಏನೇ ಬರಲಿ, ಮೂರು ನೀರಲ್ಲಿ ತೊಳೆಯದೆ ಒಳಗೆ ಸೇರಿಸಿದವಳಲ್ಲ. ಆ ಕೈ ನನಗೂ ಬಂದಿದೆ. ನಮ್ಮಲ್ಲಿದ್ದ ಅತ್ಯಂತ ಶುದ್ಧವಾದ ನೀರು ಅಂದರೆ ಬಟ್ಟಿ ಇಳಿಸಿದ ನೀರು. ಅದರಲ್ಲಿ ಒಂದೊಂದನ್ನೂ ಮೂರು ಸಲ ತೊಳೆದೆ. ತಲೆಯೊಳಗಿನ ಜೀರ್ಣಗ್ರಂಥಿಯನ್ನು ತೆಗೆದು ಅದೇ ನೀರಲ್ಲಿ ಅರೆದೆ. ಕೋಳಿಗೆ ಮಾಡಿಟ್ಟಿದ್ದ ಪ್ಲೇಟುಗಳ ಮೇಲೆ ಚಂದವಾಗಿ ಗೀಚಿದೆ. ಮೂರು ದಿನ ಕಾದರೂ ಒಂದು ಚುಕ್ಕೆಯೂ ಮೂಡಲಿಲ್ಲ. ಪ್ಲೇಟುಗಳು ತೊಳೆದಿಟ್ಟ ತಟ್ಟೆಯ ಹಾಗೆ ಹೊಳೆಯುತ್ತಿದ್ದವು.

ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಎಂದು ವರದಿ ಬರೆದೆ. ದಣಿದು ಬಂದಿದ್ದ ಮೇಡಂ ಸಹಿ ಹಾಕಿದರು. ಫೋನಿನಲ್ಲಿ ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, "ನಿಮ್ಮ ಸೀಗಡಿಯಲ್ಲಿ ಏನೂ ಇಲ್ಲ ಸರ್, ಯಾವ ರೋಗಾಣುವೂ ಸಿಗಲಿಲ್ಲ," ಎಂದುಬಿಟ್ಟೆ. ಆ ಕಡೆಯಿಂದ ಮೂಗೆಳೆದುಕೊಳ್ಳುವ ಸದ್ದು ಬಂತು. ಆಮೇಲೆ ಗೊತ್ತಾಯಿತು, ಅವರು ಅಳುತ್ತಿದ್ದರು. ಆವತ್ತು ನಾನು ಮನೆಗೆ ನಡೆದುಹೋಗುವಾಗ ಕಾಲು ನೆಲದ ಮೇಲಿರಲಿಲ್ಲ. ಒಬ್ಬ ಮನುಷ್ಯನ ಮೇಲಿದ್ದ ಅಪವಾದವನ್ನು ಒಂದು ಫೋನಿನಲ್ಲಿ ಇಳಿಸಿಬಿಟ್ಟೆ ಎಂದು ಬೀಗಿದ್ದೆ.

ಏಪ್ರಿಲ್ ಮೊದಲ ವಾರದಲ್ಲಿ ನಾಗೇಶಣ್ಣ ತಾವೇ ಬಂದರು. ಯಶವಂತಪುರದಲ್ಲಿ ಇಳಿದು, ಎರಡು ಬಸ್ ಬದಲಾಯಿಸಿ, ಬೆವರು ಒರೆಸಿಕೊಳ್ಳುತ್ತ ಮೆಟ್ಟಿಲು ಹತ್ತಿದರು. ನಲವತ್ತೈದರ ಆಸುಪಾಸು, ಸಣ್ಣಗೆ, ಬಿಸಿಲಿಗೆ ಕಂದಿದ ಮುಖ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಒಂದು ಕೈಚೀಲದಲ್ಲಿ ನನಗೆ ಎಂದು ಒಣ ಸೀಗಡಿ, ಹಲಸಿನ ಹಪ್ಪಳ. ಇನ್ನೊಂದು ಡಬ್ಬಿಯಲ್ಲಿ ಆಮ್ಲಜನಕ ತುಂಬಿದ ಎರಡು ಪ್ಲಾಸ್ಟಿಕ್ ಚೀಲ, ಅವುಗಳೊಳಗೆ ಕೆರೆಯ ನೀರಲ್ಲೇ ಇನ್ನೂ ಮೀಸೆ ಆಡಿಸುತ್ತಿದ್ದ ಸೀಗಡಿಗಳು.

"ಒಂದ್ ನಂದು, ಒಂದ್ ತಂಗೀದು. ಸಾಯೂದ್ ಇನ್ನೂ ನಿಲ್ಲಿಲ್ಲೆ. ರೋಗಾಣು ಅಲ್ದಿದ್ರೆ ಮತ್ತೆಂತದು ಅಂತ ಕಾಂಬ ಅಂದೇಳಿ ಅವಳೇ ಹಿಡ್ದ್ ಕೊಟ್ಳ್," ಎಂದರು. ಹೇಳುವಾಗ ಅವರ ಮುಖದಲ್ಲಿದ್ದ ಬೆಳಕು ನನಗೆ ಈಗಲೂ ಕಣ್ಣಮುಂದಿದೆ. ನಮ್ಮ ವರದಿಯನ್ನು ಅವರು ಮಡಿಚಿ ಜೇಬಲ್ಲಿಟ್ಟುಕೊಂಡು ಊರಿನ ಮನೆಮನೆಗೂ ತೋರಿಸಿ ಬಂದಿದ್ದರಂತೆ. ಕೊನೆಗೆ ತಂಗಿಯ ಮನೆಗೂ ಹೋದರಂತೆ. ಅವಳು ಓದಿ, ಒಳಗೆ ಹೋಗಿ, ಊಟಕ್ಕೆ ಎಲೆ ಹಾಕಿದಳಂತೆ.

ನಾನು ಉಬ್ಬಿಹೋಗಿ, ಅವರ ಎದುರಿಗೇ ನಮ್ಮ ಕೆಲಸದ ಶುದ್ಧಿಯನ್ನು ತೋರಿಸೋಣ ಎಂದು ಕೈಗವಸು ಹಾಕಿಕೊಂಡೆ. ಒಂದು ಸೀಗಡಿಯನ್ನು ಎತ್ತಿ ಬಟ್ಟಿ ಇಳಿಸಿದ ನೀರಲ್ಲಿ ಅದ್ದಿದೆ.

"ಅದೆಂತ ನೀರು?"

"ಡಿಸ್ಟಿಲ್ಡ್ ವಾಟರ್ ಸರ್. ಇದಕ್ಕಿಂತ ಶುದ್ಧ ನೀರು ಇಲ್ಲ."

"ಉಪ್ಪು ಇಲ್ಯಾ ಅದ್ರಲ್ಲಿ?"

"ಒಂದ್ ಕಣವೂ ಇಲ್ಲ," ಎಂದೆ ಹೆಮ್ಮೆಯಿಂದ.

ಅವರು ತಲೆ ಕೆರೆದುಕೊಂಡರು. "ಹಂಗಲ್ಲ, ನಂಗೆ ಓದು ಇಲ್ಲೆ, ತಪ್ಪ್ ತಿಳ್ಕಣ್ಬೇಡಿ. ನಮ್ಮಲ್ಲಿ ಈ ರೋಗ ಬಂದ್ರೆ ಸಂಜೆ ಮೇಲೆ ಕೆರೆ ನೀರು ಬೆಳಗ್ತದೆ. ಕೈ ಹಾಕಿರೆ ಕೈಯೂ ಬೆಳಗ್ತದೆ. ಆರೆ ಒಂದ್ ದೊಡ್ಡ ಮಳೆ ಬಂದ್ ನೀರು ಸಪ್ಪೆ ಆಯ್ತಾ, ಬೆಳಕು ಹೋತ್ತ್. ಅದಕ್ಕೆ ಸಿಹಿನೀರು ಆಗುದಿಲ್ಲೆ. ನೀವು ಸಿಹಿನೀರಲ್ಲಿ ತೊಳ್ದ್ರೆ ಅದು ಉಳಿತ್ತಾ?"

ನನ್ನ ಕೈಯಲ್ಲಿದ್ದ ಸೀಗಡಿ ಜಾರಿ ನೀರಿಗೆ ಬಿತ್ತು. ಹಿಂದಿನ ಮೇಜಿನಲ್ಲಿ ಕೂತಿದ್ದ ಸುಮಿತ್ರಾ ಮೇಡಂ ಪೆನ್ನು ಕೆಳಗಿಟ್ಟ ಸದ್ದು ಕೇಳಿಸಿತು.

"ಶೋಭಾ, ಹೋದ್ಸಲಾನೂ ಇದರಲ್ಲೇ ತೊಳೆದ್ಯಾ?"

"ಹೂಂ ಮೇಡಂ."

"ಅರೆದಿದ್ದು?"

"ಇದರಲ್ಲೇ."

"ಪ್ಲೇಟಿಗೆ ಉಪ್ಪು ಸೇರ್ಸಿದ್ಯಾ?"

"ಕೋಳಿದೇ ಪ್ಲೇಟು ಮೇಡಂ."

ಮೇಡಂ ಕಣ್ಣು ಮುಚ್ಚಿಕೊಂಡರು. ಉಪ್ಪುನೀರಲ್ಲಿ ಹುಟ್ಟಿ ಬೆಳೆದ ಬ್ಯಾಕ್ಟೀರಿಯಾವನ್ನು ಉಪ್ಪಿಲ್ಲದ ನೀರಿಗೆ ಹಾಕಿದರೆ ನೀರು ಅದರ ಮೈಯೊಳಗೆ ನುಗ್ಗಿ, ಅದು ಉಬ್ಬಿ ಒಡೆದುಹೋಗುತ್ತದೆ. ಅದೂ ಸಾಲದು ಎಂಬಂತೆ, ಚಳಿಯನ್ನೂ ತಾಳದ ಅದನ್ನು ನಾನು ಐಸಿನಲ್ಲಿ ಬೇರೆ ತರಿಸಿದ್ದೆ. ಕಡಲ ಕಡೆಯ ಯಾವ ಪ್ರಯೋಗಾಲಯದಲ್ಲೂ ಇಂಥ ತಪ್ಪು ಆಗುತ್ತಿರಲಿಲ್ಲ. ಸಮುದ್ರವನ್ನೇ ನೋಡದ ಕೊಡಿಗೇಹಳ್ಳಿಯ ಹುಡುಗಿ, ಬಯಲುಸೀಮೆಯ ಕೋಳಿ ಲ್ಯಾಬಿನಲ್ಲಿ, ಅತಿ ಶುದ್ಧ ಮಾಡಲು ಹೋಗಿ ಸಾಕ್ಷಿಯನ್ನೇ ಕೊಂದುಹಾಕಿದ್ದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು.

ಮೇಡಂ ಎದ್ದು ಬಂದು ನಾಗೇಶಣ್ಣನ ಎದುರು ಕುರ್ಚಿ ಎಳೆದುಕೊಂಡು ಕೂತರು. "ನಾಗೇಶ್ ಅವರೇ, ನಾವು ಕೊಟ್ಟ ವರದಿ ತಪ್ಪು. ಸಹಿ ನನ್ನದು, ತಪ್ಪೂ ನನ್ನದು. ಏನೂ ಇಲ್ಲ ಅಂತಲ್ಲ, ನಾವು ನೋಡಿದ ರೀತೀಲಿ ಅದು ಕಾಣೋ ಹಾಗೇ ಇರ್ಲಿಲ್ಲ."

ಅವರ ಮುಖದ ಬೆಳಕು ಇಳಿದುಹೋದದ್ದನ್ನು ನನಗೆ ನೋಡಲಾಗಲಿಲ್ಲ. ಮೇಡಂ ಇನ್ನೊಂದು ಮಾತು ಸೇರಿಸಿದರು. "ಇಲ್ಲಿಗೇ ಬಿಡೋಣ ಅಂದ್ರೂ ಬಿಡಬಹುದು. ವರದಿ ವಾಪಸ್ ತಗೊಂಡೆ ಅಂತ ಮಾತ್ರ ನಾನು ಬರೆದು ಕೊಡ್ಲೇಬೇಕು. ಮತ್ತೆ ಪರೀಕ್ಷೆ ಮಾಡೋದು ಬಿಡೋದು ನಿಮ್ಮಿಷ್ಟ."

"ಅವಳ್ ಹಾಕಿದ ಎಲೆ ಮುಂದೆ ಕೂತ್ ಉಂಡೆ," ಎಂದರು ನಾಗೇಶಣ್ಣ, ತಮಗೆ ತಾವೇ ಹೇಳಿಕೊಂಡಂತೆ. "ಸುಳ್ಳ್ ಹೇಳಿ ಉಂಡ ಹಂಗೆ ಆಯ್ತಲ್ಲ." ಆಮೇಲೆ ಮೇಡಂ ಕಡೆ ತಿರುಗಿ, "ಮತ್ತೊಮ್ಮೆ ಕಾಣಿ. ನಾನೇ ಆದ್ರೆ ನಾನೇ," ಎಂದರು.

ಆ ಮಧ್ಯಾಹ್ನ ನಾನು ಪ್ಲೇಟುಗಳಿಗೆ ಸಮುದ್ರದ ಅಳತೆಯ ಉಪ್ಪು ಹಾಕಿದೆ. ತೊಳೆಯಲು, ಅರೆಯಲು ಎಲ್ಲದಕ್ಕೂ ಉಪ್ಪುನೀರು. ಮನೆಗೆ ಬಂದು ಅಮ್ಮನಿಗೆ ಆದದ್ದನ್ನೆಲ್ಲ ಹೇಳಿದರೆ ಅವಳು ಒಣ ಸೀಗಡಿಯ ಪೊಟ್ಟಣವನ್ನು ಎರಡು ಬೆರಳಲ್ಲಿ ಹಿಡಿದು, "ಉಳ ತಂದವ್ಳೆ ನೋಡು! ತೊಳೀದೆ ಇಂಗೇ ಬೇಯ್ಸಕ್ಕಾಯ್ತದಾ? ನೀನೇನ್ ತಪ್ ಮಾಡಿದ್ದೀಯಾ, ತೊಳ್ದಿದ್ದೀಯ ಅಷ್ಟೇ," ಎಂದಳು. ಅವಳ ಸಮಾಧಾನ ನನಗೆ ತಟ್ಟಲಿಲ್ಲ.

ಮಾರನೇ ಬೆಳಗ್ಗೆ ಹನ್ನೊಂದಕ್ಕೆ ನಾಗೇಶಣ್ಣ ಯಶವಂತಪುರದ ಲಾಡ್ಜಿನಿಂದ ಮತ್ತೆ ಬಂದರು. ಪ್ಲೇಟುಗಳ ತುಂಬ ಬಿಳಿ ಚುಕ್ಕೆಗಳು ಎದ್ದಿದ್ದವು. ಮೇಡಂ ನಮ್ಮಿಬ್ಬರನ್ನೂ ಕಿಟಕಿಯಿಲ್ಲದ ದಾಸ್ತಾನು ಕೋಣೆಗೆ ಕರೆದುಕೊಂಡು ಹೋಗಿ, ಬಾಗಿಲ ಸಂದಿಗೆ ಏಪ್ರನ್ ತುರುಕಿ, ದೀಪ ಆರಿಸಿದರು. ಮೊದಲಿಗೆ ಏನೂ ಕಾಣಲಿಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡಂತೆ, ನನ್ನ ಅಂಗೈಯಲ್ಲಿದ್ದ ಪ್ಲೇಟು ನಿಧಾನವಾಗಿ ಕಾಣತೊಡಗಿತು. ನೀಲಿಯೂ ಅಲ್ಲದ ಹಸಿರೂ ಅಲ್ಲದ ಬೆಳಕು. ನಾನು ಗೀಚಿದ ಒಂದೊಂದು ಗೆರೆಯೂ ತಾನಾಗಿ ಉರಿಯುತ್ತಿತ್ತು. ಬಿಸಿಯಿಲ್ಲ, ಸದ್ದಿಲ್ಲ. ಆಚೆ ಹಾಡುಹಗಲು, ಸರ್ವಿಸ್ ರಸ್ತೆಯಲ್ಲಿ ಹಾರನ್ನು, ಇಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳು ಕೋಟಿಗಟ್ಟಲೆ ಸೇರಿ ನನ್ನ ಬೆರಳುಗಳಿಗೆ ಬೆಳಕು ಕೊಡುತ್ತಿದ್ದವು. ನನಗೆ ಮೈ ಜುಮ್ಮೆಂದಿತು. ದೇವರ ಮುಂದೆಯೂ ನನಗೆ ಹಾಗೆ ಆದದ್ದಿಲ್ಲ ಎಂದು ಹೇಳಿದರೆ ಅಮ್ಮ ಬೈದಾಳು, ಆದರೆ ನಿಜ.

"ಇದೇ," ಎಂದರು ನಾಗೇಶಣ್ಣ ಕತ್ತಲಲ್ಲಿ. "ಕಾಂಬುಕೆ ಎಷ್ಟ್ ಚಂದ ಕಾಣಿ." ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ತನ್ನ ಕೆರೆಯನ್ನು ಕೊಂದ ವೈರಿಯನ್ನು ಅಷ್ಟು ಮೆಚ್ಚಿಕೊಂಡು ನೋಡುವವರನ್ನು ನಾನು ಆಮೇಲೆ ಎಲ್ಲೂ ಕಂಡಿಲ್ಲ.

ಅವರು ಊರಿಗೆ ಹೋದರು. ನಮ್ಮ ನಿಜವಾದ ಕೆಲಸ ಶುರುವಾಯಿತು. ಇಬ್ಬರ ಕೆರೆಯಿಂದಲೂ ಹಲವು ಚುಕ್ಕೆಗಳನ್ನು ಬೇರೆಬೇರೆಯಾಗಿ ಬೆಳೆಸಿ, ಒಂದೊಂದರಿಂದಲೂ ಡಿಎನ್ಎ ತೆಗೆದೆ. ಕೊಳವೆಯಲ್ಲಿ ಆಲ್ಕೋಹಾಲ್ ಹಾಕಿದಾಗ ಅದು ಹತ್ತಿಯ ಎಳೆಯಂತೆ ಮೇಲೆ ಬರುವುದನ್ನು ಕಾಲೇಜಿನಲ್ಲಿ ನೋಡಿದ್ದೆ, ಆದರೆ ಆಗ ಅದು ಪರೀಕ್ಷೆಯ ಅಂಕಕ್ಕಾಗಿ. ಈಗ ಆ ಎಳೆಯೊಳಗೆ ಒಬ್ಬ ಮನುಷ್ಯನ ಮರ್ಯಾದೆ ಇತ್ತು. ಯಂತ್ರ ಇಡೀ ಜೀನೋಮನ್ನು ಒಂದೇ ಸಲ ಓದುವುದಿಲ್ಲ. ಚೂರುಚೂರು ಮಾಡಿ, ಲಕ್ಷಗಟ್ಟಲೆ ಚೂರುಗಳನ್ನು ಒಟ್ಟಿಗೆ ಓದುತ್ತದೆ, ಅದಕ್ಕೇ ಎರಡು ದಿನ ಬೇಕು. ಆ ಎರಡು ದಿನ ಬೆಂಗಳೂರಲ್ಲಿ ಬೇಸಿಗೆ ಮಳೆ. ಮಧ್ಯಾಹ್ನ ಮೂರಕ್ಕೆ ಆಕಾಶ ಕಪ್ಪಾಗಿ, ಆಲಿಕಲ್ಲು ಬಿದ್ದು, ಹೆಬ್ಬಾಳದ ಮೇಲ್ಸೇತುವೆ ಕೆಳಗೆ ನೀರು ನಿಂತು, ಕರೆಂಟು ಹೋಗಿ ಬರುತ್ತಿತ್ತು. ಬ್ಯಾಟರಿಯ ಮೇಲೆ ಓಡುತ್ತಿದ್ದ ಯಂತ್ರದ ಪಕ್ಕ ನಾನು ಹೆರಿಗೆ ಕೋಣೆಯ ಹೊರಗೆ ಕೂತವಳಂತೆ ಕೂತಿದ್ದೆ.

ಮೇ ತಿಂಗಳ ಕೊನೆಯ ಹೊತ್ತಿಗೆ ಚೂರುಗಳೆಲ್ಲ ಜೋಡಣೆಯಾದವು. ಮೇಡಂ ತೆರೆಯ ಮೇಲೆ ತೋರಿಸಿದರು. ಬರೀ ನಾಲ್ಕು ಅಕ್ಷರ. ಎ, ಟಿ, ಜಿ, ಸಿ, ಅಷ್ಟೇ. ಆ ನಾಲ್ಕೇ ಅಕ್ಷರಗಳಲ್ಲಿ ಸುಮಾರು ಅರವತ್ತು ಲಕ್ಷ ಅಕ್ಷರಗಳ ಬರಹ. ಬೇರೆ ಬಹುಪಾಲು ಬ್ಯಾಕ್ಟೀರಿಯಾಗಳಿಗೆ ಅದು ಒಂದೇ ಉಂಗುರ, ಈ ಜಾತಿಗೆ ಎರಡು. ಮೇಡಂ ಮೌಸ್ ಒತ್ತಿ ಒಂದು ಕಡೆ ನಿಲ್ಲಿಸಿ, "ಇಲ್ಲಿ ಬೆಳಕು ಮಾಡೋದು ಹೇಗೆ ಅಂತ ಬರ್ದಿದೆ," ಎಂದರು. ಇನ್ನಷ್ಟು ದೂರ ಹೋಗಿ, "ಇಲ್ಲಿ ವಿಷ." ನಾನು ಬೆರಗಾಗಿ ನೋಡುತ್ತ ಕೂತೆ. ಇಲ್ಲಿ ಇಷ್ಟೆಲ್ಲ ಬರೆದಿತ್ತು, ನಾನು ಏನೂ ಇಲ್ಲ ಎಂದಿದ್ದೆ.

"ಅಣ್ಣಂದಾ ತಂಗೀದಾ ಅಂತ ಹೇಗೆ ಗೊತ್ತಾಗುತ್ತೆ ಮೇಡಂ?"

"ಪರೀಕ್ಷೇಲಿ ಕಾಪಿ ಹೊಡೆದವರನ್ನ ಮೇಷ್ಟ್ರು ಹೇಗೆ ಹಿಡೀತಾರೆ ಹೇಳು? ಸರಿ ಉತ್ತರದಿಂದ ಅಲ್ಲ. ತಪ್ಪು ಉತ್ತರದಿಂದ. ಇದು ಒಂದರಿಂದ ಎರಡಾಗುವಾಗ್ಲೆಲ್ಲ ಈ ಅರವತ್ತು ಲಕ್ಷ ಅಕ್ಷರಾನೂ ನಕಲು ಮಾಡ್ಬೇಕು. ಎಲ್ಲೋ ಅಪರೂಪಕ್ಕೆ ಒಂದು ತಪ್ಪಾಗುತ್ತೆ. ಆ ತಪ್ಪು ಮುಂದಿನವಕ್ಕೂ ಹೋಗುತ್ತೆ. ಒಬ್ಬನ ತಪ್ಪೆಲ್ಲ ಇನ್ನೊಬ್ಬನಲ್ಲೂ ಇದ್ದು, ಅವನದೇ ಹೊಸದೂ ಎರಡಿದ್ರೆ, ಯಾರು ಯಾರನ್ನ ನೋಡಿ ಬರೆದಿದ್ದು?"

"ಹೊಸ ತಪ್ಪು ಇರೋನು ನೋಡಿ ಬರೆದೋನು."

"ಹ್ಞೂಂ. ಈಗ ನೀನೇ ಎಣಿಸು."

ಮೊದಲು ಕಂಡದ್ದು, ಎರಡೂ ಕೆರೆಯ ರೋಗಾಣು ಒಂದೇ ಕುಲದ್ದು. ಅರವತ್ತು ಲಕ್ಷದಲ್ಲಿ ವ್ಯತ್ಯಾಸ ಬೆರಳಲ್ಲಿ ಎಣಿಸುವಷ್ಟು. ಊರಿನವರ ಮಾತೇ ನಿಜವಿರಬಹುದು ಎನ್ನಿಸಿತು. ಆಮೇಲೆ ಒಂದೊಂದನ್ನೇ ಎದುರುಬದುರು ಇಟ್ಟು ನೋಡಿದೆ. ತಂಗಿಯ ಕೆರೆಯ ಚುಕ್ಕೆಗಳಲ್ಲಿದ್ದ ತಪ್ಪುಗಳೆಲ್ಲ ಅಣ್ಣನ ಕೆರೆಯವುಗಳಲ್ಲಿ ಇದ್ದವು. ಅಣ್ಣನವುಗಳಲ್ಲಿ ಅದರ ಮೇಲೆ ಇನ್ನೂ ಕೆಲವು ಹೊಸವು ಇದ್ದವು. ತಂಗಿಯ ಕೆರೆಯ ಒಂದರಲ್ಲೂ ಆ ಹೊಸವು ಇರಲಿಲ್ಲ. ಮೂರು ಸಲ ಎಣಿಸಿದೆ. ಮೇಡಂ ಬೇರೆಯಾಗಿ ಎಣಿಸಿದರು. ಬರಹ ಅವಳ ಕೆರೆಯಿಂದ ಇವರ ಕೆರೆಗೆ ಬಂದಿತ್ತು.

ನಾನು ಕುರ್ಚಿಯಿಂದ ಎದ್ದು ಕುಣಿದೇಬಿಟ್ಟೆ. "ಅವರದಲ್ಲ ಮೇಡಂ! ಅವರದಲ್ಲ!" ಮೇಡಂ ನಗಲಿಲ್ಲ. ನನ್ನನ್ನೇ ನೋಡಿ, "ಯಾರದು ಅಂತ ಯೋಚಿಸಿದ್ಯಾ?" ಎಂದರು.

ಜೂನ್ ಎರಡನೇ ವಾರ, ಕರಾವಳಿಯಲ್ಲಿ ಮಳೆಗಾಲ ಹಿಡಿದ ಮೇಲೆ, ನಾಗೇಶಣ್ಣ ಕೊಡೆ ಹಿಡಿದು ಬಂದರು. ಬೆಂಗಳೂರಲ್ಲಿ ಬರೀ ಮೋಡ ಇತ್ತು. ಮೇಡಂ ಮೂರು ಪುಟದ ವರದಿಯನ್ನು ಅವರ ಕೈಗೆ ಕೊಟ್ಟು, ಕಾಪಿ ಹೊಡೆಯುವ ಕಥೆಯನ್ನೇ ಹೇಳಿ ಅರ್ಥ ಮಾಡಿಸಿದರು. "ನಿಮ್ಮ ಕೆರೆಯಿಂದ ಅಲ್ಲಿಗೆ ಹೋಗಿಲ್ಲ. ಅಲ್ಲಿಂದ ನಿಮ್ಮ ಕೆರೆಗೆ ಬಂದಿದೆ. ನೂರಕ್ಕೆ ನೂರು ಅಂತ ನಾನು ಆಣೆ ಮಾಡಲ್ಲ. ಆದ್ರೆ ಅಕ್ಷರ ಹೇಳ್ತಿರೋದು ಅದೇ."

ಅವರು ಅಳಬಹುದು, ಕೈ ಮುಗಿಯಬಹುದು ಎಂದು ನಾನು ಕಾಯುತ್ತಿದ್ದೆ. ಅವರು ಕೊನೆಯ ಪುಟದಲ್ಲಿ ಯಾವುದರಿಂದ ಯಾವುದು ಬಂತೆಂದು ತೋರಿಸುವ ಕವಲು ಚಿತ್ರದ ಮೇಲೆ ಬೆರಳಿಟ್ಟು, ಅವಳ ಕೆರೆಯ ಕೊಂಬೆಯಿಂದ ತಮ್ಮ ಕೆರೆಯ ಕೊಂಬೆಗೆ ನಿಧಾನವಾಗಿ ಎಳೆದರು.

"ಅವ್ಳಿಗೆ ಗೊತ್ತಿತ್ತಾ ಇದು?"

"ಅದು ಇದರಲ್ಲಿ ಬರ್ದಿರಲ್ಲ ನಾಗೇಶ್ ಅವರೇ."

"ಈ ಕಾಗ್ದ ಬೇರೆ ಯಾರಿಗಾದ್ರೂ ಹೋತ್ತಾ?"

"ಇಲ್ಲ. ಇದು ನಿಮ್ಮದು. ನೀವು ಹೇಳದೆ ಯಾರಿಗೂ ಕೊಡಲ್ಲ."

ಅವರು ಹಾಳೆಗಳನ್ನು ಸರಿಯಾಗಿ ಜೋಡಿಸಿ ಮೇಜಿನ ಮೇಲಿಟ್ಟು ಮೇಡಂ ಕಡೆಗೆ ತಳ್ಳಿದರು. "ಹಂಗಾರೆ ಇಲ್ಲೇ ಇರ್ಲಿ."

ನನಗೆ ತಡೆಯಲಾಗಲಿಲ್ಲ. "ಏನ್ ಸರ್ ಇದು! ಊರೆಲ್ಲ ನಿಮ್ಮನ್ನೇ ಅಂತಿದೆ ಅಂತೀರಾ. ಮೊದಲನೇ ವರದಿನೂ ವಾಪಸ್ ತಗೊಂಡಿದ್ದೀವಿ. ಈಗ ಇದನ್ನೂ ತೋರ್ಸದಿದ್ರೆ ಹೆಂಗೆ?"

"ನಂಗ್ ಅಭ್ಯಾಸ ಆಯಿತ್ತ್ ಮಗಾ," ಎಂದರು, ನನ್ನ ಕಡೆ ತಿರುಗಿ, ಬಹಳ ಮೆತ್ತಗೆ. "ಅವ್ಳಿಗೆ ಹೊಸತು."

ಕೆರೆಯನ್ನು ಒಣಗಿಸುವುದು, ಸುಣ್ಣ ಹಾಕುವುದು, ಮುಂದಿನ ಬಿತ್ತನೆಯ ಮರಿಗಳನ್ನು ಮೊದಲೇ ಪರೀಕ್ಷೆ ಮಾಡಿಸುವುದು, ಇಷ್ಟನ್ನು ಮೇಡಂ ಬೇರೊಂದು ಹಾಳೆಯಲ್ಲಿ ಬರೆದು ಕೊಟ್ಟರು. ಅದನ್ನು ಮಾತ್ರ ಜೇಬಿಗಿಟ್ಟುಕೊಂಡು ಹೊರಟರು. ಕಿಟಕಿಯಿಂದ ನೋಡಿದೆ. ಸರ್ವಿಸ್ ರಸ್ತೆ ದಾಟಲು ಸಂದು ಸಿಗದೆ ಬಹಳ ಹೊತ್ತು ಕೊಡೆ ಹಿಡಿದು ನಿಂತಿದ್ದರು. ತೆರೆಯ ಮೇಲೆ ಆ ಅರವತ್ತು ಲಕ್ಷ ಅಕ್ಷರ ಕಂಡಾಗ ಎಂಥ ಬೆರಗಾಗಿತ್ತೋ ಅಂಥದೇ ಬೆರಗು, ಆ ಸಣ್ಣ ಬೆನ್ನು ನೋಡುತ್ತ ನನಗೆ ಮತ್ತೊಮ್ಮೆ ಆಯಿತು.

ಜುಲೈಯಲ್ಲಿ ಒಂದು ಮಧ್ಯಾಹ್ನ ಪ್ರಯೋಗಾಲಯಕ್ಕೆ ಫೋನ್ ಬಂತು. ಹೆಂಗಸಿನ ದನಿ. ಹಿಂದೆ ಜೋರು ಮಳೆ ಹೆಂಚಿನ ಮೇಲೆ ಬೀಳುವ ಸದ್ದು.

"ಶೋಭಾ ಅಂದ್ರೆ ನೀವೇಯಾ? ನಾನ್ ನಾಗೇಶಣ್ಣನ ತಂಗಿ, ಸುಲೋಚನಾ."

ನಾನು ಎದ್ದು ನಿಂತೆ, ಅವರು ಎದುರಿಗೇ ಬಂದವರಂತೆ.

"ಅಣ್ಣ ಹೇಳ್ದ, ಅವನ ಕೆರೆಯಿಂದಲೇ ಬಂದದ್ದು ಅಂತ ಬೆಂಗ್ಳೂರಲ್ಲಿ ಹೇಳಿದ್ರ್ ಅಂತ. ಹೌದಾ?"

ಮೊದಲ ಸಲ ಇದೇ ಫೋನಿನಲ್ಲಿ, ನನಗೆ ಗೊತ್ತಿಲ್ಲದ್ದನ್ನು ಗೊತ್ತಿದ್ದವಳ ಹಾಗೆ ಹೇಳಿದ್ದೆ. ಈಗ ಚೆನ್ನಾಗಿ ಗೊತ್ತಿತ್ತು, ಹೇಳುವ ಹಾಗಿರಲಿಲ್ಲ. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಅವರು ಮೇಜಿನ ಮೇಲೆ ಬಿಟ್ಟುಹೋದದ್ದನ್ನು ನಾನು ಎತ್ತಿ ಬಿಸಾಡಿದಂತೆ.

"ಅಕ್ಕಾ, ವರದಿ ಅವರ ಹೆಸರಲ್ಲಿದೆ. ನಾನು ಹೇಳೋ ಹಾಗಿಲ್ಲ. ಅವರನ್ನೇ ಕೇಳಿ."

"ಕೇಳ್ದೆ. ಕಾಗ್ದ ತೋರ್ಸು ಅಂದೆ. ಅಲ್ಲೇ ಬಿಟ್ಟ್ ಬಂದೆ ಅಂದ," ಎಂದರು. "ಮೊದಲ್ನೇ ಕಾಗ್ದ ಮನೆಮನೆಗೆ ತೋರ್ಸ್ಕಂಡ್ ಬಂದವ, ಇದನ್ನ ಯಾಕೆ ಬಿಟ್ಟ್ ಬಂದ?"

ಉತ್ತರಕ್ಕೆ ಕಾಯದೆ ಅವರೇ ಮುಂದುವರಿಸಿದರು.

"ಅವನಿಗಿಂತ ಎರಡ್ ದಿನ ಮೊದ್ಲೇ ನನ್ನ ಕೆರೆಯಲ್ಲಿ ಸತ್ತದ್ದ್ ಕಂಡಿದ್ದೆ. ಯಾರಿಗೂ ಹೇಳ್ದೆ ಕಿಂಡಿ ತೆಗ್ದೆ. ಆಮೇಲೆ ಊರೆಲ್ಲ ಅವನನ್ನ ಹೇಳುವಾಗ ನನ್ನ ಬಾಯಿ ಕಟ್ಟಿಹೋಯ್ತ್. ಅವನ ಮುಖ ಕಾಂಬುಕೆ ಆಗ್ಲಿಲ್ಲೆ." ಮಳೆಯ ಸದ್ದಿನ ಮೇಲೂ ಕೇಳುವಂತೆ ದನಿ ಏರಿಸಿದರು. "ನೀವ್ ಎಂತ ಹೇಳುದೂ ಬ್ಯಾಡ. ನಾಡಿದ್ದ್ ಕೆರೆಯವ್ರೆಲ್ಲ ಸೇರ್ತಾರೆ. ಅವ ಅಲ್ಲಿ ಬಿಟ್ಟ್ ಬಂದ ಕಾಗ್ದದಲ್ಲಿ ಇದ್ದದ್ದನ್ನ, ಇಲ್ಲಿ ನಾನೇ ಹೇಳ್ತೆ."

ಅವರು ಫೋನ್ ಇಟ್ಟರು. ಎದುರಿನ ಮೇಜಿನಿಂದ ಮೇಡಂ ಯಾರದು ಎಂದು ಕೇಳಿದರು. "ನಾಗೇಶಣ್ಣನ ತಂಗಿ," ಎಂದು, ಅಣ್ಣ ಬಿಟ್ಟುಹೋಗಿದ್ದ ಆ ಮೂರು ಪುಟಗಳನ್ನು ತೆಗೆದು ಮೇಡಂ ಮುಂದಿಟ್ಟೆ.